ಮನೆಯ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಬೇಕೆ?

ಕಾಲೇಜು ಸೇರಿದ ಮಗನಿಗೋ ಮಗಳಿಗೋ ಒಂದು ಕಂಪ್ಯೂಟರನ್ನು ಕೊಡಿಸಬೇಕೆಂಬ ಯೋಚನೆ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ಮನೆಗಳಲ್ಲಿ ಇಂದು ಸಾಮಾನ್ಯವಾದುದು. ಕಬ್ಬಿನ ಬಿಲ್ಲು ಕೈಗೆ ಬಂದ ಬಳಿಕ ಪೇಟೆಗೆ ಹೊರಡುವುದೂ ಉಂಟು. ಅಂಗಡಿಯಲ್ಲಿ ಮೊದಲಿಗೆ ಎದುರಾಗುವ ಪ್ರಶ್ನೆ ಇದು: “ಕಾರ್ಡ್ ಇಲ್ಲದ ಕಂಪ್ಯೂಟರ್ ತಗೊಂಡ್ ಏನ್ ಮಾಡ್ತೀರಿ?” ಈ ಮಾತಿಗೆ ಅಂಜಿ, ಓದಿಗೆಂದು ಕೂಡಿಟ್ಟ ಹಣವನ್ನು ತೆತ್ತುಬಂದ ತಂದೆಯರನ್ನು ನಾವು ಕಂಡಿದ್ದೇವೆ. ಆಟಗಳ ಗೊಡವೆಯಿಲ್ಲದ ಮನೆಗೆ ಬೇರೆ ಗ್ರಾಫಿಕ್ಸ್ ಕಾರ್ಡು ಬಹುಮಟ್ಟಿಗೆ ಅನಾವಶ್ಯಕವೆಂಬುದು ನಮ್ಮ ಅಭಿಪ್ರಾಯ. ಅದು ಹೇಗೆಂಬುದನ್ನು ಓದುಗರು ತಾವೇ ಲೆಕ್ಕ ಹಾಕಿ ನೋಡಬಹುದು.

ಸಾಮಾನ್ಯ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚಿತ್ರಬಿಂದುಗಳಿರುತ್ತವೆ, ಒಟ್ಟು 20,73,600. ಒಂದೊಂದು ಬಿಂದುವಿನ ಬಣ್ಣಕ್ಕೆ 4 ಬೈಟುಗಳಂತೆ ಒಂದು ಚಿತ್ರಕ್ಕೆ 82,94,400 ಬೈಟುಗಳಾದುವು. ಪರದೆಯು ಸೆಕೆಂಡಿಗೆ 60 ಸಲ ಹೊಸದಾಗುವುದರಿಂದ ಸೆಕೆಂಡಿಗೆ ಸುಮಾರು 50 ಕೋಟಿ ಬೈಟುಗಳನ್ನು ಮೆಮೊರಿಯಿಂದ ಸಾಗಿಸಬೇಕಾಯಿತು. ಸಂಖ್ಯೆ ದೊಡ್ಡದೇ ಸರಿ. ಆದರೆ ಡಿಡಿಆರ್4-3200 ಎಂಬ ಜಾತಿಯ ಒಂದೇ ಮೆಮೊರಿ ಪಟ್ಟಿಯು ಸೆಕೆಂಡಿಗೆ 2,560 ಕೋಟಿ ಬೈಟುಗಳನ್ನು ಸಾಗಿಸಬಲ್ಲುದು. ಎಂದಮೇಲೆ ಪರದೆಗೆ ತಗಲುವುದು ಐವತ್ತರಲ್ಲಿ ಒಂದು ಪಾಲು ಮಾತ್ರ! ಚಿತ್ರವನ್ನು ರಚಿಸುವುದಕ್ಕೆ ಇದರ ಮೇಲೆ ಇನ್ನಷ್ಟು ಓಡಾಟವಿದೆ, ನಿಜ. ಪತ್ರ ಬರೆಯುವುದು, ಲೆಕ್ಕದ ಹಾಳೆ ತುಂಬುವುದು, ಪಾಠದ ವೀಡಿಯೋ ನೋಡುವುದು, ಇಷ್ಟಕ್ಕೆ ಅದೂ ಹೊರೆಯಾಗದು. ವೀಡಿಯೋವನ್ನು ಬಿಡಿಸುವ ಕೆಲಸಕ್ಕಂತೂ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಪ್ರತ್ಯೇಕ ಮಂಡಲವೇ ಇರುತ್ತದೆ.

ಆದರೆ ಎಲ್ಲ ಪ್ರೊಸೆಸರುಗಳಲ್ಲಿಯೂ ಈ ಭಾಗವಿರುವುದಿಲ್ಲ. ಮೋಸಹೋಗುವುದು ಇಲ್ಲಿಯೇ. ಇಂಟೆಲ್‌ನ ಐ3-12100 ರಲ್ಲಿ ಅದಿದೆ. ಹೆಸರಿನ ಕೊನೆಗೆ ‘ಎಫ್’ ಅಂಟಿದ 12100ಎಫ್‌ನಲ್ಲಿ ಇಲ್ಲ. ಎಎಂಡಿಯ ರೈಜೆನ್ 5600ಜಿ ಯಲ್ಲಿ ಇದೆ. ‘ಜಿ’ ಇಲ್ಲದ 5600 ರಲ್ಲಿ ಇಲ್ಲ. ಸ್ವಲ್ಪ ಅಗ್ಗವೆಂದು ‘ಎಫ್’ನ ಪ್ರೊಸೆಸರನ್ನು ಕೊಂಡವರು ಪರದೆ ಬೆಳಗಿಸುವುದಕ್ಕಾಗಿಯೇ ಮತ್ತೆ ಕಾರ್ಡನ್ನು ಕೊಳ್ಳಬೇಕಾಗುತ್ತದೆ. ಒಂದು ಅಕ್ಷರದ ಬೆಲೆ ಇಷ್ಟು.

ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲವಾಗಿ ಅದು ಕಂಪ್ಯೂಟರಿನ ಮೆಮೊರಿಯನ್ನೇ ಹಂಚಿಕೊಳ್ಳುತ್ತದೆ. ಆದುದರಿಂದ 16 ಜಿಬಿಯ ಒಂದು ಪಟ್ಟಿಯ ಬದಲಾಗಿ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿಸುವುದು ಜಾಣತನ. ಘಟಪ್ರಭೆಯ ನೀರನ್ನು ಧೂಪದಾಳದಿಂದ ಎಡದಂಡೆ ಕಾಲುವೆಯೂ ಹಿಡಕಲ್ ಅಣೆಯಿಂದ ಬಲದಂಡೆ ಕಾಲುವೆಯೂ ಒಯ್ಯುವುದನ್ನು ನಮ್ಮ ಓದುಗರು ಕಂಡಿದ್ದಾರಷ್ಟೆ. ಹಾಗೆಯೇ ಎರಡು ಪಟ್ಟಿಗಳಿದ್ದಲ್ಲಿ ದತ್ತವು ಎರಡು ದಾರಿಗಳಲ್ಲಿ ಒಟ್ಟಿಗೆ ಹರಿದು, ವೇಗದ ಮಿತಿ ಇಮ್ಮಡಿಯಾಗುತ್ತದೆ. ಉಳಿದ ಹಣಕ್ಕೆ ಒಳ್ಳೆಯ ಎಸ್‌ಎಸ್‌ಡಿ ಬಂದೀತು.

ಇಷ್ಟಾದರೂ ಕಾರ್ಡು ಬೇಕಾದವರು ಇದ್ದೇ ಇರುತ್ತಾರೆ. ಬ್ಲೆಂಡರ್‌ನಲ್ಲಿ ಮೂರು ಆಯಾಮದ ಚಿತ್ರಗಳನ್ನು ರಚಿಸುವವರಿಗೆ, ದಿನವೂ ವೀಡಿಯೋ ಸಂಕಲನ ಮಾಡುವವರಿಗೆ, ಎನ್‌ವಿಡಿಯಾದ ಕುಡಾ ವ್ಯವಸ್ಥೆಯನ್ನೇ ನಂಬಿದ ಯಂತ್ರಕಲಿಕೆಯ ಅಭ್ಯಾಸಿಗಳಿಗೆ ನಮ್ಮ ಮಾತು ಅನ್ವಯಿಸದು. ಹಳೆಯ ಕಂಪ್ಯೂಟರಿಗೆ ಎರಡನೆಯ ಪರದೆಯನ್ನು ಜೋಡಿಸಬೇಕಾದವರಿಗೂ ಚಿಕ್ಕದೊಂದು ಕಾರ್ಡು ಒದಗೀತು.

ಅಂಥವರು ಅಗ್ಗದ ಕಾರ್ಡುಗಳ ವಯಸ್ಸನ್ನು ವಿಚಾರಿಸಬೇಕು. ಜಿಟಿ 710 ಪೇಟೆಗೆ ಬಂದುದು 2016ರಲ್ಲಿ. ಅದರ ಪೀಳಿಗೆಗೆ ಹೊಸ ಡ್ರೈವರುಗಳು 2021ರಲ್ಲಿಯೇ ನಿಂತುಹೋದುವು. 2017ರ ಜಿಟಿ 1030 ಅದಕ್ಕಿಂತ ಉತ್ತಮವಾದುದು. ಆದರೆ 2018ರಲ್ಲಿ ಅದೇ ಹೆಸರಿನಲ್ಲಿ, ನಿಧಾನದ ಡಿಡಿಆರ್4 ಮೆಮೊರಿಯ ಇನ್ನೊಂದು ಕಾರ್ಡು ಹೊರಬಂದಿತು. ಮೊದಲನೆಯದರ ಮೆಮೊರಿ ಸೆಕೆಂಡಿಗೆ 48 ಜಿಬಿ ಸಾಗಿಸಿದರೆ ಎರಡನೆಯದರದು 17 ಜಿಬಿಯನ್ನೂ ಮುಟ್ಟದು. ಹೆಸರೊಂದೇ, ಶಕ್ತಿ ಮೂರನೆಯ ಒಂದು ಪಾಲು! ಇಂಥ ನಾಮಕರಣವನ್ನು ನಾವು ಸರ್ವಥಾ ಒಪ್ಪಲಾರೆವು. ಈ ಪೀಳಿಗೆಗೂ 2025ರ ಅಕ್ಟೋಬರಿನ ಬಳಿಕ ಭದ್ರತೆಯ ತಿದ್ದುಪಡಿಗಳು ಮಾತ್ರ ದೊರೆಯುತ್ತವೆ. ಇನ್ನು ಯಾರೋ ಬಳಸಿ ಮಾರಿದ ಕಾರ್ಡುಗಳಲ್ಲಿ, ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದ ನಕಲಿಗಳೂ ಉಂಟು; ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಅಂಥ ಅನೇಕವನ್ನು ಬಯಲುಮಾಡುತ್ತದೆ.

ವಿದ್ಯುತ್ತಿನ ಮಾತನ್ನೂ ಆಡಬೇಕು. ಜಲಪಾತದ ನೀರಿನಿಂದ ಗಿರಣಿಗೆ ವಿದ್ಯುತ್ತನ್ನು ತೆಗೆದ ಊರು ಗೋಕಾಕ. 1969ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘದ ಸೀಮೆ ಹುಕ್ಕೇರಿ. ಇಲ್ಲಿನ ವಿದ್ಯಾರ್ಥಿಗಳಿಗೆ ವಾಟಿನ ಲೆಕ್ಕವನ್ನು ನಾವು ಕಲಿಸಬೇಕಾಗಿಲ್ಲ. ಪೂರ್ಣ ದುಡಿಮೆಯಲ್ಲಿ 30 ವಾಟ್ ಬೇಡುವ ಕಾರ್ಡು ದಿನಕ್ಕೆ 5 ಗಂಟೆಯಂತೆ ದುಡಿದರೆ ತಿಂಗಳಿಗೆ ನಾಲ್ಕೂವರೆ ಯೂನಿಟ್. ಇದು ಅಲ್ಪವೇ. ಆದರೆ ಮಳೆಗಾಲದಲ್ಲಿ ಕರೆಂಟು ಹೋದಾಗ, ಬರೆಯುತ್ತಿದ್ದುದನ್ನು ಉಳಿಸಿಕೊಳ್ಳಲು ಯುಪಿಎಸ್ ನೀಡುವ ಕೆಲವೇ ನಿಮಿಷಗಳಲ್ಲಿ ಅದು ತನ್ನ ಪಾಲನ್ನು ಕಿತ್ತುಕೊಳ್ಳುತ್ತದೆ.

ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ಕಾರ್ಡಿಲ್ಲದ ಕಂಪ್ಯೂಟರಿನಲ್ಲಿ ಒಂದು ಪಾಠದ ವೀಡಿಯೋವನ್ನು ಹಚ್ಚಿಸಿ, ವಿಂಡೋಸ್‌ನ ಟಾಸ್ಕ್ ಮ್ಯಾನೇಜರನ್ನು ತೆರೆದು, ಜಿಪಿಯು ಪುಟದಲ್ಲಿ ‘ವೀಡಿಯೋ ಡಿಕೋಡ್’ ಎಂಬ ರೇಖೆಯನ್ನು ನೋಡಿರಿ. ಅದು ಮೇಲೇರಿ, ಪ್ರೊಸೆಸರಿನ ರೇಖೆ ಕೆಳಗೇ ಉಳಿದು, ಚಿತ್ರವು ತಡೆಯಿಲ್ಲದೆ ಓಡುತ್ತಿದ್ದರೆ ಅಂಗಡಿಯವರ ಪ್ರಶ್ನೆಗೆ ಅದನ್ನೇ ತೋರಿಸಬಹುದು.