ಸೊಂಟದ ಪಿಸ್ತೂಲು, ಶ್ರಾವಕನ ವ್ರತ

2025ರ ಏಪ್ರಿಲ್‌ನಲ್ಲಿ ಗುಜರಾತಿನ ಭಯೋತ್ಪಾದನಾ ನಿಗ್ರಹ ದಳವು ಒಂದು ಜಾಲವನ್ನು ಬಯಲಿಗೆಳೆಯಿತು. ತಮ್ಮ ಊರಿನಲ್ಲಿ ಅರ್ಜಿ ಹಾಕಿ ಕಾಯುವುದನ್ನು ಬಿಟ್ಟು, ದಲ್ಲಾಳಿಗಳ ಮೂಲಕ ಮಣಿಪುರ, ನಾಗಾಲ್ಯಾಂಡ್‌ಗಳ ಹೆಸರಿನಲ್ಲಿ ಪರವಾನಗಿ ಪಡೆದು ಕೆಲವರು ಕೈಬಂದೂಕು ಕೊಂಡಿದ್ದರೆಂಬುದು ಆರೋಪ. ಆರೋಪಿಗಳ ಜಾತಿ ಮತಗಳು ಇಲ್ಲಿ ಮುಖ್ಯವಲ್ಲ. ನ್ಯಾಯಾಲಯದ ನಿರ್ಣಯವೂ ಈ ಲೇಖನದ ವಿಷಯವಲ್ಲ. ವಿಷಯವೆಂದರೆ, ಹಣವುಳ್ಳ ನಗರವಾಸಿಯ ಮನಸ್ಸಿನಲ್ಲಿ ಬೇರೂರಿರುವ ಒಂದು ಆಸೆ: ಜೇಬಿನಲ್ಲಿ ಅಡಗುವಷ್ಟು ಚಿಕ್ಕದಾದ, ದಿನವಿಡೀ ಹೊತ್ತರೂ ಭಾರವೆನಿಸದ ಒಂದು ಪಿಸ್ತೂಲು ತನ್ನ ಬಳಿ ಇರಬೇಕೆಂಬುದು.

ಅಹಮದಾಬಾದಿನ ವಸ್ತ್ರಾಪುರದಂಥ ಬಡಾವಣೆಯಲ್ಲಿ ಈ ಆಸೆಗೆ ಕಾರಣ ಹುಡುಕುವುದು ಕಷ್ಟವಲ್ಲ. ಚಿನ್ನ, ವಜ್ರ, ನಗದುಗಳ ವ್ಯವಹಾರವೇ ಗುಜರಾತಿನ ಜೈನ ವಣಿಕರ ಒಂದು ದೊಡ್ಡ ಭಾಗದ ಜೀವನ. ಸೂರತ್ತಿನ ವಜ್ರದ ಪೊಟ್ಟಣಗಳು ಇಂದಿಗೂ ಅಂಗಡಿಯಾಗಳ ಕೈಯಲ್ಲಿ ಊರಿಂದೂರಿಗೆ ಸಾಗುತ್ತವೆ. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಹೊರಡುವವನ ಭಯವನ್ನು ಅಪಹಾಸ್ಯ ಮಾಡಲಾಗದು. ಆದರೆ ಭಯವು ನಿಜವಾದ ಮಾತ್ರಕ್ಕೆ ಅದಕ್ಕೆ ಹುಡುಕಿದ ಮದ್ದೂ ಸರಿಯೆಂದಾಗುವುದಿಲ್ಲ. ‘ಯಾವ ಪಿಸ್ತೂಲು ಹಗುರ?’ ಎಂಬ ಪ್ರಶ್ನೆಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ.

ಮೊದಲನೆಯದು ಕಾನೂನಿನದು. 1959ರ ಶಸ್ತ್ರಾಸ್ತ್ರ ಅಧಿನಿಯಮದಡಿ ಬಂದೂಕು ನಮ್ಮ ದೇಶದಲ್ಲಿ ಹಕ್ಕಲ್ಲ, ಕಾರಣ ತೋರಿಸಿ ಪಡೆಯಬೇಕಾದ ಅನುಮತಿ. 2019ರ ತಿದ್ದುಪಡಿಯು ಒಬ್ಬನು ಹೊಂದಬಹುದಾದ ಬಂದೂಕುಗಳನ್ನು ಸಾಮಾನ್ಯವಾಗಿ ಮೂರರಿಂದ ಎರಡಕ್ಕೆ ಇಳಿಸಿತು. ಪರವಾನಗಿಯ ಅವಧಿಯನ್ನು ಐದು ವರ್ಷಕ್ಕೆ ಏರಿಸಿತು. ಸಂಭ್ರಮದ ಹೆಸರಿನಲ್ಲಿ ಗುಂಡು ಹಾರಿಸುವುದಕ್ಕೆ ಎರಡು ವರ್ಷದವರೆಗಿನ ಸೆರೆವಾಸವನ್ನು ವಿಧಿಸಿತು. 2016ರ ನಿಯಮಾವಳಿಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವವನು ಅದನ್ನು ತಕ್ಕ ಒರೆಯಲ್ಲಿಟ್ಟು, ಪೂರ್ತಿ ಮುಚ್ಚಿ, ತನ್ನ ಹತೋಟಿಯಲ್ಲಿ ಇರಿಸಿಕೊಳ್ಳಬೇಕು. ಹೊತ್ತ ಮಾತ್ರಕ್ಕೆ ಬಳಸುವ ಹಕ್ಕು ಬಾರದು. ಭಾರತೀಯ ನ್ಯಾಯ ಸಂಹಿತೆಯ 37ನೆಯ ಕಲಮು ಆತ್ಮರಕ್ಷಣೆಯ ಹಕ್ಕಿಗೆ ಎಲ್ಲೆ ಹಾಕಿದೆ: ಸರ್ಕಾರದ ರಕ್ಷಣೆ ಕೋರಲು ಸಮಯವಿದ್ದಾಗ ಆ ಹಕ್ಕಿಲ್ಲ, ಇದ್ದಾಗಲೂ ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶವಿಲ್ಲ. ಓಡಿಹೋಗುತ್ತಿರುವ ಕಳ್ಳನ ಬೆನ್ನಿಗೆ ಹಾರಿಸಿದ ಗುಂಡು ಅಂಗಡಿಯ ಯಜಮಾನನನ್ನೇ ಕಟಕಟೆಯಲ್ಲಿ ನಿಲ್ಲಿಸಬಲ್ಲದು.

ಎರಡನೆಯದು ವಸ್ತುವಿನ ಸ್ವಭಾವದ್ದು. ವಿದೇಶದ ಜಾಹೀರಾತುಗಳಲ್ಲಿ ಕಾಣುವ ಆಯ್ಕೆಗಳು ಇಲ್ಲಿಲ್ಲ. ಒಂಬತ್ತು ಮಿಲಿಮೀಟರ್ ಕ್ಯಾಲಿಬರ್ ಸಾಮಾನ್ಯ ನಾಗರಿಕನಿಗೆ ನಿಷಿದ್ಧ; ಆಮದು 1980ರ ದಶಕದಿಂದ ಬಿಗಿಯಾಗಿದೆ. ಉಳಿಯುವುದು ಹೆಚ್ಚಾಗಿ .32 ಕ್ಯಾಲಿಬರಿನ ರಿವಾಲ್ವರುಗಳು ಮತ್ತು ಪಿಸ್ತೂಲುಗಳು. ಇವುಗಳಲ್ಲಿ ಹಗುರವಾದುದೇ ಉತ್ತಮವೆಂಬ ನಂಬಿಕೆ ಅರ್ಧ ಸತ್ಯ. ಒಂದೇ ಗುಂಡನ್ನು ಹಾರಿಸುವಾಗ ಹಗುರವಾದ ಆಯುಧವು ಭಾರವಾದುದಕ್ಕಿಂತ ಹೆಚ್ಚು ವೇಗದಿಂದ ಹಿಂದಕ್ಕೆ ಒದೆಯುತ್ತದೆ. ನಳಿಕೆ ಗಿಡ್ಡವಾದಷ್ಟೂ ಗುರಿಯ ಎರಡು ಗುರುತುಗಳು ಹತ್ತಿರವಾಗುತ್ತವೆ; ಕೈಯ ಎಳ್ಳಷ್ಟು ಅಲುಗಾಟವು ಹತ್ತು ಹೆಜ್ಜೆಯ ಆಚೆ ಗೇಣುದ್ದದ ತಪ್ಪಾಗಬಹುದು. ಪಿಸ್ತೂಲಿನ ಮ್ಯಾಗಜೀನ್ ತೆಗೆದ ಮೇಲೂ ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ‘ಖಾಲಿ’ ಎಂದು ನಂಬಿದ ಆಯುಧದಿಂದ ಮನೆಮಂದಿಯೇ ಗಾಯಗೊಳ್ಳುವುದಕ್ಕೆ ಇದೊಂದು ಹಳೆಯ ಕಾರಣ. ಒಟ್ಟಿನಲ್ಲಿ, ಹೊರಲು ಸುಲಭವಾದ ಆಯುಧವು ಹೊಡೆಯಲು ಕಷ್ಟವಾದುದು. ತಿಂಗಳು ತಿಂಗಳೂ ಅಭ್ಯಾಸ ಮಾಡದವನ ಕೈಯಲ್ಲಿ ಅದು ದಾರಿಹೋಕನಿಗೆ ಅಪಾಯವೇ ಹೊರತು ದರೋಡೆಕೋರನಿಗಲ್ಲ.

ಇನ್ನೂ ಒಂದು ಮಾತಿದೆ. ಅಡಗಿಸಿಡುವ ಗುಣವು ಹೆಚ್ಚು ಉಪಕರಿಸುವುದು ಗಳಿಗೆಯನ್ನು ಆರಿಸಿಕೊಳ್ಳುವವನಿಗೆ, ಎಂದರೆ ಆಕ್ರಮಣಕಾರನಿಗೆ. ಸಾಬರಮತಿಯ ದಡದಲ್ಲಿ ಆಶ್ರಮ ಕಟ್ಟಿದ ಮಹಾತ್ಮನನ್ನು 1948ರ ಜನವರಿ 30ರಂದು ಕೊಂದದ್ದು ಒಂದು ಚಿಕ್ಕ ಬೆರೆಟ್ಟಾ ಪಿಸ್ತೂಲು. ರಕ್ಷಣೆಗೆಂದು ಹೊತ್ತವನು ಯಾವಾಗಲೂ ಎರಡನೆಯವನು. ಎದುರಿನವನ ಆಯುಧ ಹೊರಬಂದ ಮೇಲೆ ತನ್ನದನ್ನು ಬಟ್ಟೆಯೊಳಗಿನಿಂದ ತಡಕಬೇಕಾದವನು.

ಮೂರನೆಯ ಪ್ರಶ್ನೆ ಧರ್ಮದ್ದು. ‘ಜೈನನಿಗೆ ಆಯುಧವೇ?’ ಎಂದು ಹುಬ್ಬೇರಿಸಿ ಮಾತು ಮುಗಿಸುವುದು ಸುಲಭ; ಶಾಸ್ತ್ರ ಅಷ್ಟು ಸುಲಭವಾಗಿಲ್ಲ. ಶ್ರಾವಕಾಚಾರದ ಪರಂಪರೆಯು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಗೃಹಸ್ಥನು ಪೂರ್ತಿಯಾಗಿ ತೊರೆಯಲೇಬೇಕಾದುದು ಸಂಕಲ್ಪಿ ಹಿಂಸೆ. ತನ್ನನ್ನೂ ತನ್ನವರನ್ನೂ ಕಾಯುವಾಗ ಅನಿವಾರ್ಯವಾಗಿ ಒದಗುವ ವಿರೋಧಿ ಹಿಂಸೆಯು ಅವನ ಅಣುವ್ರತವನ್ನು ಮುರಿಯುವುದಿಲ್ಲ. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಸೇನಾಪತಿಯಾಗಿದ್ದ. ಹೊಯ್ಸಳರ ಗಂಗರಾಜನೂ ದಂಡನಾಯಕ. ಗುಜರಾತಿನ ವಸ್ತುಪಾಲ, ತೇಜಪಾಲರು ಆಬುವಿನಲ್ಲಿ ಬಸದಿ ಕಟ್ಟಿಸಿದಂತೆಯೇ ರಾಜ್ಯಕ್ಕಾಗಿ ಕತ್ತಿಯನ್ನೂ ಹಿಡಿದವರು. ಹೇಡಿತನಕ್ಕೆ ಅಹಿಂಸೆಯೆಂಬ ಹೆಸರಿಡುವುದನ್ನು ಜೈನ ಪರಂಪರೆ ಎಂದೂ ಒಪ್ಪಿಲ್ಲ.

ಆದರೆ ವಿರೋಧಿ ಹಿಂಸೆಯೆಂಬುದು ಒದಗಿಬರುವಂಥದು, ಮುಂಜಾನೆ ಎದ್ದು ಪಂಚೆಯೊಂದಿಗೆ ಉಟ್ಟುಕೊಳ್ಳುವಂಥದಲ್ಲ. ಮೇಲಿನ ವೀರರು ರಾಜನ ಆಜ್ಞೆಯಲ್ಲಿ, ಎಲ್ಲರ ಕಣ್ಣೆದುರು, ರಾಜ್ಯದ ರಕ್ಷಣೆಗೆ ಆಯುಧ ಹಿಡಿದರು. ಸ್ವಂತ ತಿಜೋರಿಗಾಗಿ, ಗುಟ್ಟಾಗಿ, ದಿನನಿತ್ಯವೂ ಹೊರುವ ಪಿಸ್ತೂಲಿಗೆ ಅವರ ಹೆಸರನ್ನು ಸಾಕ್ಷಿಗೆ ಕರೆಯಲಾಗದು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆ. ನಿತ್ಯದ ಅಭ್ಯಾಸವಾದ ಆಯುಧವು ಪ್ರಮಾದಕ್ಕೆ ತೆರೆದ ಬಾಗಿಲು. ಅನರ್ಥದಂಡ ವಿರತಿಯನ್ನು ವಿವರಿಸುವಾಗ ಸಮಂತಭದ್ರಾಚಾರ್ಯರು ಹಿಂಸೆಯ ಉಪಕರಣಗಳನ್ನು ಇನ್ನೊಬ್ಬರಿಗೆ ಕೊಡುವುದನ್ನೂ ದೋಷವೆಂದು ಎಣಿಸಿದ್ದಾರೆ. ಮನೆಯ ಕಪಾಟಿನಲ್ಲಿ ಬೀಗವಿಲ್ಲದೆ ಇಟ್ಟ ಪಿಸ್ತೂಲು ಮಗುವಿನ ಕೈಗೋ ಮನನೊಂದ ಹರೆಯದವನ ಕೈಗೋ ಸಿಕ್ಕಿದರೆ, ಅದೂ ಒಂದು ಬಗೆಯ ಹಿಂಸಾದಾನವಲ್ಲವೇ?

ಭರತ ಬಾಹುಬಲಿಗಳ ಪ್ರಸಂಗವನ್ನು ಕನ್ನಡ ಜೈನರಿಗೆ ಹೊಸದಾಗಿ ಹೇಳಬೇಕಿಲ್ಲ. ಸೈನ್ಯಗಳ ಸಂಹಾರ ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಇಬ್ಬರೂ ಒಪ್ಪಿದರು. ಮೂರರಲ್ಲೂ ಸೋತ ಭರತನು ಅವಮಾನದ ಗಳಿಗೆಯಲ್ಲಿ ಮಾಡಿದ್ದೇನು? ಒಪ್ಪಂದವನ್ನು ಮರೆತು ಚಕ್ರವನ್ನು ಪ್ರಯೋಗಿಸಿದ. ಅವನು ದುಷ್ಟನಾಗಿದ್ದನೆಂದಲ್ಲ, ಚಕ್ರವು ಅವನ ಬಳಿ ಇತ್ತು, ಅಭಿಮಾನ ಕೆರಳಿತ್ತು. ಅದು ಬಾಹುಬಲಿಗೆ ಸುತ್ತುಬಂದು ನಿಂತಿತು. ಇಂದಿನ ಗುಂಡು ಹಾಗೆ ನಿಲ್ಲುವುದಿಲ್ಲ. ವಾಹನ ನಿಲ್ಲಿಸುವ ಜಾಗದ ಜಗಳ, ಸಾಲ ವಸೂಲಿಯ ಮಾತು, ಅಣ್ಣತಮ್ಮಂದಿರ ಆಸ್ತಿ ಪಾಲು: ನಗರದ ಗೃಹಸ್ಥನ ಅಭಿಮಾನ ಕೆರಳುವ ಗಳಿಗೆಗಳು ದರೋಡೆಗಿಂತ ಎಷ್ಟೋ ಹೆಚ್ಚು. ಸೊಂಟದಲ್ಲಿರುವ ಆಯುಧವು ಆ ಎಲ್ಲ ಗಳಿಗೆಗಳಲ್ಲೂ ಜೊತೆಗಿರುತ್ತದೆ.

ಈಗ ಸಮಾಜವೇ ಉತ್ತರಿಸಬೇಕಾದ ಪ್ರಶ್ನೆ. ಪರ್ಯೂಷಣದ ದಿನಗಳಲ್ಲಿ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚುವ ವಿಚಾರವು ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂಬತ್ತು ದಿನಗಳ ಆ ನಿರ್ಬಂಧವನ್ನು ನ್ಯಾಯಾಲಯವು 2008ರಲ್ಲಿ ಎತ್ತಿಹಿಡಿಯಿತು. ಅನ್ಯರ ಕತ್ತಿಯನ್ನು ಒಂಬತ್ತು ದಿನ ಕೆಳಗಿಡಿಸಲು ಅಷ್ಟು ಶ್ರಮಿಸಿದ ಸಮಾಜವು ತನ್ನವರ ಪಿಸ್ತೂಲಿನ ವಿಷಯದಲ್ಲಿ ಮಾತನಾಡಿದ್ದುಂಟೇ? ಗಡ್ಡೆಗೆಣಸಿನ ವಿಚಾರದಲ್ಲಿ, ಸೋಸಿದ ನೀರಿನ ವಿಚಾರದಲ್ಲಿ ಪ್ರವಚನಗಳಿಗೆ ಕೊರತೆಯಿಲ್ಲ. ಚರ್ಮದ ಬೆಲ್ಟನ್ನು ಹೊರಗೆ ಬಿಟ್ಟು ದೇರಾಸರದೊಳಗೆ ಹೋಗುವವನು ಅದಕ್ಕೆ ಸಿಕ್ಕಿಸಿದ ಆಯುಧವನ್ನು ಎಲ್ಲಿ ಬಿಡುತ್ತಾನೆ? ನಲವತ್ತೆಂಟು ನಿಮಿಷದ ಸಾಮಾಯಿಕಕ್ಕೆ ಕುಳಿತಾಗ ಅದು ಯಾರ ವಶದಲ್ಲಿರುತ್ತದೆ? ಕಾರಿನಲ್ಲಿ ಬಿಟ್ಟರೆ ಕಳವಿನ ಭಯ, ಚಾಲಕನಿಗೆ ಕೊಟ್ಟರೆ ಕಾನೂನಿನ ಭಂಗ.

‘ನಾವು ಮುಟ್ಟುವುದೇ ಇಲ್ಲ, ಗನ್‌ಮ್ಯಾನ್ ಇದ್ದಾನೆ’ ಎನ್ನುವವರೂ ಈ ಪ್ರಶ್ನೆಯಿಂದ ಪಾರಾಗುವುದಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರೂ ದಾರಿಗಳಲ್ಲಿ ಕರ್ಮ ಹರಿದುಬರುತ್ತದೆಂದು ಬೋಧಿಸಿದ ಧರ್ಮ ನಮ್ಮದು. ತಿಂಗಳ ಸಂಬಳಕ್ಕೆ ಬಡವನೊಬ್ಬನ ಹೆಗಲಿಗೆ ಬಂದೂಕು ಹೊರಿಸಿ, ಹಿಂಸೆ ಅವನದು, ಅಹಿಂಸೆ ನಮ್ಮದು ಎಂದುಕೊಳ್ಳುವುದು ಲೆಕ್ಕಪತ್ರದ ಜಾಣ್ಮೆಯಾದೀತು, ವ್ರತವಾಗದು.

ಮಹಿಳೆಯರ ರಕ್ಷಣೆಯ ಮಾತೂ ಬರುತ್ತದೆ. ದೆಹಲಿಯ ಘೋರ ಘಟನೆಯ ಬಳಿಕ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆಯು ‘ನಿರ್ಭೀಕ್’ ಎಂಬ ಸುಮಾರು ಅರ್ಧ ಕಿಲೋ ತೂಕದ .32 ರಿವಾಲ್ವರನ್ನು ಮಹಿಳೆಯರಿಗೆಂದು ಹೊರತಂದಿತು. ಆಗ ಅದರ ಬೆಲೆ 1.2 ಲಕ್ಷ ರೂಪಾಯಿಗೂ ಹೆಚ್ಚಾಗಿತ್ತು. ಬಸ್ಸಿಗಾಗಿ ಕಾಯುವ ಹೆಣ್ಣುಮಗಳಿಗೆ ಬೇಕಾದುದು ಬೀದಿದೀಪ, ಸಕಾಲಕ್ಕೆ ಬರುವ ಬಸ್ಸು, ದೂರು ದಾಖಲಿಸಿಕೊಳ್ಳುವ ಠಾಣೆ. ಸರ್ಕಾರವು ತನ್ನ ಕರ್ತವ್ಯವನ್ನು ಕೊಳ್ಳುವ ಸರಕನ್ನಾಗಿಸಿದಾಗ, ಕೊಳ್ಳಲಾಗದವರು ಎಲ್ಲಿದ್ದರೋ ಅಲ್ಲೇ ಉಳಿಯುತ್ತಾರೆ.

ಹಾಗಾದರೆ ಮಾಡಬೇಕಾದುದೇನು? ನಗದಿನ ವ್ಯವಹಾರವನ್ನು ಕಡಿಮೆ ಮಾಡಿ ಬ್ಯಾಂಕಿನ ಮೂಲಕ ನಡೆಸಿದರೆ ಹೊತ್ತೊಯ್ಯುವ ಅಪಾಯವೇ ಕುಗ್ಗುತ್ತದೆ. ತೆರಿಗೆಯ ಕಣ್ಣು ತಪ್ಪಿಸಿದ ಹಣಕ್ಕೆ ಪೊಲೀಸರ ನೆರವು ಕೇಳಲಾಗದೆ ಪಿಸ್ತೂಲನ್ನು ನೆಚ್ಚುವವನ ವಿಷಯದಲ್ಲಿ ಕೆಡುವುದು ಅಹಿಂಸೆಗಿಂತ ಮೊದಲು ಅಚೌರ್ಯ. ಸರಕಿಗೆ ವಿಮೆ, ದಿನವೂ ಬದಲಾಗುವ ದಾರಿ ಮತ್ತು ಸಮಯ, ಒಂಟಿಯಾಗಿ ಹೊರಡದ ಪದ್ಧತಿ, ವರ್ತಕರ ಸಂಘದ ಮೂಲಕ ಪೊಲೀಸ್ ಗಸ್ತಿಗೆ ಒತ್ತಾಯ, ಇವು ಯಾವ ವ್ರತಕ್ಕೂ ಅಡ್ಡಬರುವುದಿಲ್ಲ. ಇಷ್ಟಾದರೂ ಜೀವಕ್ಕೆ ನಿಜವಾದ ಬೆದರಿಕೆ ಇರುವ ಕೆಲವರು ಉಳಿಯಬಹುದು. ಅಂಥವರು ತಮ್ಮ ಜಿಲ್ಲೆಯಲ್ಲೇ, ತಮ್ಮ ಹೆಸರಿನಲ್ಲೇ ಅರ್ಜಿ ಹಾಕಲಿ. ಹಗುರವಾದುದನ್ನಲ್ಲ, ತರಬೇತುದಾರನ ಮುಂದೆ ತಾವು ಹತೋಟಿಯಲ್ಲಿಡಬಲ್ಲುದನ್ನು ಆರಿಸಲಿ. ಮನೆಯಲ್ಲಿ ಗುಂಡು ಮತ್ತು ಆಯುಧಗಳನ್ನು ಬೇರೆ ಬೇರೆ ಬೀಗದಲ್ಲಿಡಲಿ. ಬೆದರಿಕೆ ತೀರಿದ ದಿನ ಹಿಂದಿರುಗಿಸಲಿ. ಅದು ಆಪತ್ಕಾಲದ ಔಷಧವಾಗಿರಲಿ, ಆಭರಣವಾಗದಿರಲಿ.

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿದೆ, ಕರ್ನಾಟಕ ಹೈಕೋರ್ಟು 2021ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ಕೋವಿಗೆ ಹಬ್ಬವುಂಟು, ಮನೆತನದ ಕಟ್ಟುಪಾಡುಂಟು, ಊರಿನ ಕಣ್ಣುಂಟು. ವಸ್ತ್ರಾಪುರದ ಅಪಾರ್ಟ್‌ಮೆಂಟಿನಲ್ಲಿ ಅಡಗಿದ ಪಿಸ್ತೂಲಿಗೆ ಅದಾವುದೂ ಇಲ್ಲ. ಹೆಂಡತಿಗೂ ತಿಳಿಯದೆ ಇರುವುದೇ ಅದರ ಹಿರಿಮೆ. ಗುಜರಾತಿನಲ್ಲಾಗಲಿ ಮುಂಬಯಿಯಲ್ಲಾಗಲಿ ಕಡಲಾಚೆಯಲ್ಲಾಗಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳು ಬರುವ ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಈ ಪ್ರಶ್ನೆಯನ್ನು ಬಹಿರಂಗವಾಗಿ ಇಡಲಿ. ಕ್ಷಮಾವಾಣಿಯ ದಿನ ಎಲ್ಲರ ಕ್ಷಮೆ ಬೇಡುವ ಕೈಗಳಿಗೆ, ಆ ಕ್ಷಮೆಯ ಮೇಲೆ ಎಷ್ಟು ಭರವಸೆಯಿದೆಯೆಂಬುದು ಆಗ ತಿಳಿದೀತು.