ಗ್ಯಾಸಿನ ಮಾತ್ರೆಯೂ ಔಷಧಿಯೇ

"ಏನೇನು ಮಾತ್ರೆ ತಗೋತೀರಮ್ಮಾ?" ಅಂತ ಡಾಕ್ಟರು ಕೇಳಿದರೆ ನಾವು ಹೆಂಗಸರು ಬಿ.ಪಿ.ಯದ್ದು ಹೇಳುತ್ತೇವೆ, ಸಕ್ಕರೆ ಕಾಯಿಲೆಯದ್ದು ಹೇಳುತ್ತೇವೆ. ಬೆಳಿಗ್ಗೆ ಬರೀ ಹೊಟ್ಟೆಗೆ ನುಂಗುವ ಗ್ಯಾಸಿನ ಮಾತ್ರೆ ಮಾತ್ರ ಬಾಯಿಗೇ ಬರುವುದಿಲ್ಲ. ಉಪ್ಪಿನಕಾಯಿ ಭರಣಿಯ ಪಕ್ಕ ಇರುವ ವಸ್ತು, ಅದನ್ನು ಔಷಧಿ ಅನ್ನುವವರು ಯಾರು?

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಎಲ್ಲ ಹೊಟ್ಟೆಯ ಆಮ್ಲ ತಗ್ಗಿಸುವ ಒಂದೇ ಕುಟುಂಬದವು. ಬಹಳ ಜನಕ್ಕೆ ಇವುಗಳಿಂದ ಸುಖವೇ ಆಗಿದೆ. ಆದರೆ ಅಪರೂಪಕ್ಕೆ ಕೆಲವರ ಮೈಗೆ ಒಗ್ಗುವುದಿಲ್ಲ. ನುಂಗಿದ ಕೆಲವೇ ನಿಮಿಷಕ್ಕೋ ಒಂದೆರಡು ಗಂಟೆಯೊಳಗೋ ಅಂಗೈ ಅಂಗಾಲು ಕಡಿತ, ಮೈತುಂಬ ಗಂಧೆ, ತುಟಿ ನಾಲಿಗೆ ಊತ, ಗಂಟಲು ಬಿಗಿತ, ಉಸಿರಿಗೆ ಕಷ್ಟ, ವಾಂತಿ, ತಲೆಸುತ್ತು. ಹಿಂದೆ ಹತ್ತು ಸಲ ತಗೊಂಡು ಏನೂ ಆಗದವರಿಗೂ ಹೀಗಾಗಬಹುದು.

ಕಳ್ಳ ಸಿಕ್ಕುವುದು ಕಷ್ಟ ಕಣ್ರೀ. ಮಂಡಿನೋವಿಗೆ ಮಾತ್ರೆ ಬರೆಯುವಾಗ ಹೊಟ್ಟೆ ಉರಿಯದಿರಲಿ ಅಂತ ಇದನ್ನೂ ಜೊತೆಗೆ ಬರೆದಿರುತ್ತಾರೆ. ಗಂಧೆ ಎದ್ದರೆ ತಪ್ಪೆಲ್ಲ ನೋವಿನ ಮಾತ್ರೆಗೆ, ಇಲ್ಲವೇ ರಾತ್ರಿ ತಿಂದ ಬದನೆಕಾಯಿಗೆ! ನಮ್ಮ ಪಕ್ಕದ ಮನೆಯವರಿಗೆ ಎರಡು ಸಲ ಹೀಗಾಯಿತು. ಎರಡು ಸಲವೂ ನೋವಿನ ಮಾತ್ರೆ ಬೇರೆ, ಗ್ಯಾಸಿನ ಮಾತ್ರೆಯ ಹೆಸರೂ ಬೇರೆ. ಕೊನೆಗೆ ಅವರ ಮಗಳು ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿದಳು. ಎರಡರಲ್ಲೂ ಪ್ಯಾಂಟೊಪ್ರಜೋಲ್!

ಗಂಟಲು ಬಿಗಿದರೆ, ಉಸಿರು ಎಳೆಯುವಂತಾದರೆ ನಿಂಬೆ ಪಾನಕ ಕಲಸುತ್ತ ಕೂರಬೇಡಿ. ತಕ್ಷಣ 108ಕ್ಕೆ ಫೋನು ಮಾಡಿ. ಮಲಗಿಸಿ ಕಾಲು ಎತ್ತರಿಸಿಡಿ, ಉಸಿರಿಗೆ ಕಷ್ಟವಾದರೆ ಕೂರಿಸಿ, ನಡೆಸಲು ಹೋಗಬೇಡಿ. ಇದಕ್ಕೆ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿರುವ ಅಲರ್ಜಿ ಮಾತ್ರೆ ಸಾಲದು. ಇಳಿಯಿತು ಅಂತ ಕೂಡಲೇ ಎದ್ದು ಬರಲೂಬಾರದು. ಕೆಲವರಿಗೆ ಗಂಟೆಗಳ ನಂತರ ಮತ್ತೆ ಮರುಕಳಿಸುತ್ತದೆ.

ಆಮೇಲೆ ಅಂಗಡಿಗೆ ಹೋಗಿ "ಬೇರೆ ಗ್ಯಾಸಿನ ಮಾತ್ರೆ ಕೊಡಿ" ಅನ್ನಬೇಡಿ. ಒಂದು ಆಗದವರಿಗೆ ಅದೇ ಕುಟುಂಬದ ಇನ್ನೊಂದೂ ಆಗದಿರಬಹುದು. ಯಾವುದು ಆಗುತ್ತದೆ ಅಂತ ಅಲರ್ಜಿ ತಜ್ಞರು ಪರೀಕ್ಷೆ ಮಾಡಿಯೇ ಹೇಳಬೇಕು. ಫ್ಯಾಮೊಟಿಡಿನ್ ಬೇರೆ ಬಗೆಯದು, ಬೇಕೆನಿಸಿದರೆ ಅದನ್ನೂ ಅವರೇ ಕೊಟ್ಟಾರು.

ಆಗದ ಮದ್ದಿನ ಹೆಸರು, ಅಂದರೆ ಕಂಪೆನಿ ಇಟ್ಟ ಹೆಸರಲ್ಲ, ಸಣ್ಣಕ್ಷರದ ಹೆಸರು, ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಬೇರೆ ಯಾವುದೋ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಇದೇ ಮದ್ದನ್ನು ಇಂಜೆಕ್ಷನ್ ಮಾಡಿ ರಕ್ತನಾಳಕ್ಕೇ ಕೊಡುವುದುಂಟು. ನರ್ಸಮ್ಮ ಸೂಜಿ ಹಿಡಿಯುವ ಮೊದಲೇ ಆ ಚೀಟಿ ಅವರ ಕೈಗೆ ಹೋಗಬೇಕು.