ರವಿವಾರ ನಂದು, ಮೌಶಿ

ಹೋದ ತಿಂಗಳ ಒಂದು ಫೋಟೋ ಹಾಕಿದ್ದೆ. ದುಬೈ ಕ್ರೀಕಿನ ಕಟ್ಟಿಗಿ ದೋಣಿಯೊಳಗ ಕುಂತೀನಿ, ಕೈಯಾಗ ಚಾ. ಮರದಿನಾನ ಹಳಿಯಾಳದಿಂದ ಮೌಶಿ ಫೋನು: “ದುಡ್ಯಾಕ ಹೋಗೀಯೋ, ತಿರಗ್ಯಾಡಾಕ ಹೋಗೀಯೋ?”

ಆವಾಗ ನಕ್ಕು ಸುಮ್ಮನಾದೆ. ಆದ್ರ ಈ ಮಾತು ಮೌಶಿ ಒಬ್ಬಾಕಿದಲ್ಲ, ನಮ್ಮ ಓಣಿದೆಲ್ಲಾ ಐತಿ. ಅದಕ್ಕ ಇಲ್ಲಿ ಉತ್ತರ ಬರದೀನಿ. ಸಿಟ್ಟಾಗಬ್ಯಾಡ್ರಿ.

ಮೊದಲ ರೊಕ್ಕದ ಲೆಕ್ಕ. ಆ ದೋಣಿಗೆ ಅಬ್ರಾ ಅಂತಾರ. ಡೇರಾ ದಂಡಿಯಿಂದ ಬರ್ ದುಬೈ ದಂಡಿಗೆ ದಾಟಾಕ ಒಂದ ದಿರಹಮ್ಮು. ನಮ್ಮಲ್ಲಿ ಒಂದು ಪ್ಲೇಟ್ ಗಿರಮಿಟ್ ಬರೂದಿಲ್ಲ ಆ ರೊಕ್ಕಕ್ಕ. ಈ ದಂಡ್ಯಾಗ ಮಸಾಲಿ ಪ್ಯಾಟಿ, ಆ ದಂಡ್ಯಾಗ ಅರಿಬಿ ಪ್ಯಾಟಿ. ಅಲ್ಲೇ ಅಲ್ ಫಹೀದಿ ಅನ್ನೂ ಹಳೇ ಓಣಿ. ಮನಿ ಮ್ಯಾಲೆ ಬುರುಜು ಕಟ್ಯಾರ. ಕರೆಂಟ್ ಇಲ್ಲದ ಕಾಲದಾಗ ಮ್ಯಾಲಿನ ಗಾಳಿ ಹಿಡದು ಕೆಳಗ ಖೋಲಿಗೆ ಇಳಸತಿದ್ರಂತ. ಆ ಓಣ್ಯಾಗ ಸುಮ್ಮನ ಅಡ್ಡಾಡಾಕ ಯಾರೂ ರೊಕ್ಕ ಕೇಳೂದಿಲ್ಲ. ಮನಿಗೆ ಕಳಸೂ ರೊಕ್ಕ ಒಂದ ತಿಂಗಳನೂ ತಪ್ಪಿಲ್ಲ.

ಇನ್ನ ದಿನದ ಲೆಕ್ಕ. ಇಲ್ಲಿ 2022ರ ಜನವರಿಯಿಂದ ಸರಕಾರಿ ಕಚೇರಿಗೆ ಶುಕ್ರವಾರ ಅರ್ಧ ದಿನ, ಶನಿವಾರ-ರವಿವಾರ ಸೂಟಿ. ನಮ್ಮ ಆಫೀಸೂ ಶನಿವಾರ-ರವಿವಾರ ಸೂಟಿ ಮಾಡ್ತು. ಶನಿವಾರ ಅರಿಬಿ ಒಗಿಯೂದು, ಸಂತಿ, ವಾರದ ಅಡಗಿ. ರವಿವಾರ ಒಂದ ನನಗ ಉಳಿಯೂದು.

ನಮ್ಮ ಕಾಕಾನ ಮಗ ಮಸ್ಕತ್‌ನಾಗ ಅದಾನ. ಮಳ್ಳದಿಬ್ಬಿ ಮ್ಯಾಲೆ ಜೀಪ್ ಹಾರಿಸೂ ಫೋಟೋ ಹಾಕಿದ್ರ “ಭಾರೀ ಬಿಡಪಾ” ಅಂತೀರಿ. ದುಡ್ಯಾಕ ಹೋಗೀಯೋ ಅಂತ ಅವಂಗ ಯಾರರೆ ಕೇಳೀರಿ?

ದುಬೈ ಮಾತು ಬಿಡ್ರಿ. ಬೆಂಗಳೂರು, ಪುಣೆ ಮಂದಿ ಸಾವಿರಗಟ್ಟಲೆ ಸುರದು ದಾಂಡೇಲಿಗೆ ಬಂದು ಕಾಳಿ ಹೊಳ್ಯಾಗ ರಾಫ್ಟ್ ಮ್ಯಾಲೆ ಕೂಡ್ತಾರ. ನಮ್ಮ ಹಳಿಯಾಳದ ಹೆಣ್ಮಕ್ಕಳಾಗ ಎಷ್ಟು ಮಂದಿ ಆ ಹೊಳಿ ದಂಡ್ಯಾಗ ಅರ್ಧ ತಾಸು ಖಾಲಿ ಕೈಲೆ ಕುಂತೀರಿ? ಉಳವಿ ಜಾತ್ರಿಗೆ ಹೋಗೇವಲ್ಲ ಅಂತೀರಿ. ಹೋಗೇವಿ, ಖರೆ. ಚಕ್ಕಡಿ ಕಟ್ಟೂಕಿಂತ ಮೊದಲ ನಸುಕಿನ್ಯಾಗ ಎದ್ದು ರೊಟ್ಟಿ ಬಡದವರು ಯಾರು? ಅಲ್ಲಿ ಮೂರು ಕಲ್ಲ ಹೂಡಿ ಒಲಿ ಹಚ್ಚಿದವರು ಯಾರು? ಗಂಡಸರು ಜಾತ್ರಿ ನೋಡಿದ್ರು, ನಾವು ಮಂದಿ ಉಣ್ಣೂದು ನೋಡಿದ್ವಿ.

ಹೋದ ಸೂಟ್ಯಾಗ ಅವ್ವನ್ನ ಜೋಯಿಡಾ ಕಡೆ ಸಿಂಥೇರಿ ಬಂಡಿಗೆ ಕರಕೊಂಡು ಹೋಗಿದ್ದೆ. ಕೆಳಗ ಕಾನೇರಿ ಹೊಳಿಮಟಾ ಮೆಟ್ಲ ಇಳೀಬೇಕು. ಹತ್ತಿಪ್ಪತ್ತು ಇಳದ ಅವ್ವ ಮೊಣಕಾಲ ಹಿಡಕೊಂಡು ಕುಂತಳು. “ನೀ ನೋಡಿ ಬಾ. ಮೂವತ್ತು ವರ್ಷದ ಹಿಂದ ನಿಮ್ಮಪ್ಪಾರು ಗೆಳ್ಯಾರ ಜೋಡಿ ಇಲ್ಲಿಗೆ ಬಂದಿದ್ರು. ಬುತ್ತಿ ನಾನ ಕಟ್ಟಿ ಕೊಟ್ಟಿದ್ದೆ.”

ಆಗ ಅವ್ವನ ಕಾಲು ಗಟ್ಟಿ ಇದ್ವು. ಯಾರೂ ಬಾ ಅನ್ನಲಿಲ್ಲ, ಆಕೀನೂ ಬರ್ತೀನಿ ಅನ್ನಲಿಲ್ಲ. ನಾ ಕೆಳಗ ಇಳದು ಬಂಡಿ, ಹೊಳಿ ಎಲ್ಲಾ ವಿಡಿಯೋ ಮಾಡಕೊಂಡು ಬಂದೆ. ಅವ್ವ ಮೆಟ್ಲ ಮ್ಯಾಲೆ ಕುಂತು ಫೋನಿನ್ಯಾಗ ಸಿಂಥೇರಿ ನೋಡಿದಳು, ಎರಡ ಸಲ.

ಮೌಶಿ, ನನ್ನ ಮೊಣಕಾಲ ಗಟ್ಟಿ ಇದ್ದಾಗ ನಾ ತಿರಗ್ಯಾಡೇ ತಿರಗ್ಯಾಡ್ತೀನಿ. ಒಬ್ಬಾಕೀನ ಹೋಗಬ್ಯಾಡ ಅನ್ನೂ ಅಂಜಿಕಿ ನಿಂದಿದ್ರ, ಜೋಡಿಗೆ ನೀನ ಬಾ. ಡಿಸೆಂಬರ್‌ದಾಗ ಬರ್ತೀನಿ. ಒಂದ ರವಿವಾರ ಗಾಡಿ ಮಾಡಿಸ್ತೀನಿ: ಮುಂಡಗೋಡದ ಅತ್ತಿವೇರಿಯೊಳಗ ಹಕ್ಕಿ ನೋಡೂದು, ಆಮ್ಯಾಲೆ ಟಿಬೆಟಿಯನ್ ಕ್ಯಾಂಪಿನ್ಯಾಗ ಊಟ. ಅವ್ವ ಬರ್ತಾಳ, ಬಾಜೂಮನಿ ವೈನಿ ಬರ್ತಾರ. ಕರಾರು ಒಂದ: ಬುತ್ತಿ ಯಾರೂ ಕಟ್ಟೂದಿಲ್ಲ. ಮನ್ಯಾಗ ಉಳದ ಗಂಡಸರು ಅವತ್ತು ತಾವ ಅನ್ನ ಮಾಡಕೊಳ್ಳಲಿ.

ನಿನ್ನ ಹೆಸರು ಮೊದಲ ಬರದೀನಿ, ಮೌಶಿ.